ರಾವೂರಿನ ಖಣಿಯಲ್ಲಿ ನಿಂತ ದೇವರು

ಇತಿಹಾಸ ಓದಿದರೆ ಕೆಲಸ ಸಿಗುವುದಿಲ್ಲ ಎಂದು ನನಗೂ ಹೇಳಿದ್ದರು, ನಿಮಗೂ ಹೇಳಿರುತ್ತಾರೆ. ಸಿಕ್ಕರೆ ಅದು ಎಂಥ ಕೆಲಸವಾಗಿರುತ್ತದೆ ಎನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅದನ್ನು ಹೇಳಿಬಿಡೋಣ ಎಂದು ಈಗ ಕೂತಿದ್ದೇನೆ. ಕೂಲಿಯವರ ಬಸ್ತಿ ಬಸ್ತಿ ಅಲೆಯಲು ಮೊಣಕಾಲು ಒಪ್ಪುತ್ತಿಲ್ಲ, ಬರೆಯಲು ಕೈ ಇನ್ನೂ ಒಪ್ಪುತ್ತಿದೆ.

ನಾನು ಚಿತ್ತಾಪುರದವಳು. ಸೇಡಂ ಮತ್ತು ಚಿತ್ತಾಪುರದ ಕಾಲೇಜುಗಳಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದೆ. ಪಾಠದ ಹೊರಗೆ ನನಗೊಂದು ಗೀಳಿತ್ತು. ವಾಡಿ, ಶಹಾಬಾದ್, ರಾವೂರ ಕಡೆಯ ಫರಸಿ ಕಲ್ಲಿನ ಖಣಿಗಳಿಗೆ, ಸಿಮೆಂಟ್ ಕಾರ್ಖಾನೆಗಳಿಗೆ, ರೈಲು ಹಳಿಯ ಕೆಲಸಕ್ಕೆ ಎಲ್ಲೆಲ್ಲಿಂದಲೋ ಬಂದು ನೆಲೆಸಿದ ಜನರ ಕಥೆ ಕೂಡಿಸುವುದು. ಅವರು ಎಲ್ಲಿಂದ ಬಂದರು, ಎಂಥ ದುಡಿಮೆ ಮಾಡಿದರು, ಬರುವಾಗ ಯಾವ ದೇವರನ್ನು ಸಂಗಡ ತಂದರು, ಇಷ್ಟೇ ನನ್ನ ಸಂಶೋಧನೆ. ಬಡ್ತಿ ಯಾವಾಗ ಬಂತು, ಯಾವಾಗ ತಪ್ಪಿತು ಎನ್ನುವುದನ್ನು ಬಿಡಿ, ಅದು ನಮ್ಮ ಮನೆಯವರಿಗೇ ನೆನಪಿಲ್ಲ. ನನಗೆ ನೆನಪಿರುವುದು ಜನ. ಅದಕ್ಕಿಂತ ಹೆಚ್ಚಾಗಿ ರಾವೂರಿನ ಒಂದು ಖಣಿಯಲ್ಲಿ ಕಂಡ ಒಂದು ಕಲ್ಲು. ಅದರ ಮುಂದೆ ನಾನು ಕಲಿತದ್ದೆಲ್ಲ ಬಾಯಿ ಮುಚ್ಚಿಕೊಂಡು ನಿಂತಿತ್ತು. ಆ ಬೆರಗು ಇನ್ನೂ ಇಳಿದಿಲ್ಲ.

ಮೊದಲು ನನ್ನ ಮಾರ್ಗದರ್ಶಕರ ವಿಷಯ ಹೇಳಬೇಕು. ಅವರು ಶಾಸನ ಓದುವುದರಲ್ಲಿ ಎತ್ತಿದ ಕೈ. ಅರ್ಧ ಅಳಿಸಿದ ಅಕ್ಷರವನ್ನು ಬೆರಳಿನಿಂದ ಸವರಿಯೇ ಇಂಥದ್ದು ಎಂದುಬಿಡುತ್ತಿದ್ದರು. ನನ್ನ ವಿಷಯ ಕೇಳಿದ ದಿನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಲ್ಲವಾ, ಬಾಜೂಕೇ ಮಳಖೇಡ ಅದ. ರಾಷ್ಟ್ರಕೂಟ ರಾಜರು ಕುಂತಾರ. ಅವರನ್ನ ಬಿಟ್ಟು ನೀ ಕಲ್ಲ ಒಡ್ಯಾವ್ರ ಬೆನ್ನ ಹತ್ತೀದಿ."

"ಸರ್, ಆ ರಾಜರ ಕೋಟಿ ಕಟ್ಟಿದವ್ರೂ ಕಲ್ಲ ಒಡ್ಯಾವ್ರೇ ಅಲ್ಲೇನ್ರಿ?"

"ಇರಬಹುದು. ಅವರ ಶಾಸನ ಎಲ್ಲಿ ಅದ, ತೋರ್ಸು."

ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಆದರೂ ಅವರು ಸಂಶೋಧನೆಯ ಅರ್ಜಿಗೆ ಸಹಿ ಹಾಕಿದರು. ಬೈಯುತ್ತ ಸಹಿ ಹಾಕುವ ಹಿರಿಯರು ಸಿಕ್ಕರೆ ಬಿಡಬೇಡಿ, ಹೊಗಳುತ್ತ ಸಹಿ ಹಾಕುವವರಿಗಿಂತ ಅವರು ಮೇಲು.

ಕೆಲಸದ ಮೊದಲ ದಿನವೇ ನಾನು ಮುಗ್ಗರಿಸಿದೆ. ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಒಬ್ಬ ಹೆಣ್ಣುಮಗಳು ಹೊರಗೆ ಒಲೆ ಹೂಡಿ ರೊಟ್ಟಿ ಬಡಿಯುತ್ತಿದ್ದಳು. ನಾನು ಪೆನ್ನು ತೆಗೆದು, ಪುಸ್ತಕದ ಭಾಷೆಯಲ್ಲೇ, "ನೀವು ಎಲ್ಲಿಂದ ವಲಸೆ ಬಂದಿರಿ?" ಎಂದು ಕೇಳಿದೆ.

"ವಲಸಿ ಬರಾಕ ನಾವೇನು ಹಕ್ಕೇನ್ರಿ?" ಎಂದಳು ಅವಳು. "ನಮ್ಮ ಮಾವನ ಕಾಲದಿಂದ ಇಲ್ಲೇ ಇದ್ದೀವಿ. ನೀವು ಎಲ್ಲಿಂದ ಬಂದೀರಿ, ಅದನ್ನ ಮೊದಲ ಹೇಳ್ರಿ."

ರೊಟ್ಟಿಯ ಸದ್ದು ಮೊದಲಿಗಿಂತ ಜೋರಾಯಿತು. ನಾನು ಅಲ್ಲಿಂದ ಕಾಲು ಕಿತ್ತೆ. ಎಲ್ಲಿಂದ ಬಂದಿರಿ ಎಂದು ಕೇಳುವವರು ಸಾಮಾನ್ಯವಾಗಿ ಯಾವುದೋ ಪಟ್ಟಿಯಿಂದ ಹೆಸರು ಹೊಡೆದುಹಾಕಲು ಬಂದವರಾಗಿರುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಇಂಥ ಬಾಗಿಲುಗಳು ಮುಂದೆ ಎಷ್ಟೋ ಮುಚ್ಚಿದವು.

ದಾರಿ ತೋರಿಸಿದವರು ಬಲು ದೂರದವರು. ಕಲಬುರಗಿಯ ಒಂದು ವಿಚಾರಸಂಕಿರಣಕ್ಕೆ ಅಮೆರಿಕದಿಂದ ಒಬ್ಬ ಇತಿಹಾಸಗಾರ್ತಿ ಬಂದಿದ್ದರು. ಮೆಕ್ಸಿಕೋ ಕಡೆಯಿಂದ ಅಲ್ಲಿಯ ಹೊಲಗಳಿಗೆ, ಮಾಂಸದ ಕಾರ್ಖಾನೆಗಳಿಗೆ ಕೂಲಿಗೆ ಬಂದ ಸ್ಪ್ಯಾನಿಷ್ ಮಾತಾಡುವ ಜನರ ಬಗ್ಗೆ ಅವರ ಅಧ್ಯಯನ. ಅವರ ತಂದೆಯೂ ತಾಯಿಯೂ ಹೊಲದಲ್ಲಿ ಹಣ್ಣು ಬಿಡಿಸಿದವರೇ. ಪರದೆಯ ಮೇಲೆ ಚಿತ್ರ ತೋರಿಸಿದರು: ಟ್ರಕ್ಕಿನ ಗಾಜಿನ ಹಿಂದೆ ಮೇರಿ ತಾಯಿ, ಕೂಲಿಗಾರರ ಕೋಣೆಯ ಮೂಲೆಯಲ್ಲಿ ಮೇರಿ ತಾಯಿ, ಹರತಾಳದ ಮೆರವಣಿಗೆಯ ಮುಂದೆ ಬಾವುಟದ ಮೇಲೆ ಮತ್ತೆ ಅದೇ ತಾಯಿ. ಇದು ನಮ್ಮ ವಾಡಿಯಲ್ಲವೇ ಎನ್ನಿಸಿತು. ಚಹಾ ಕುಡಿಯುವಾಗ ನನ್ನ ಹರಕು ಇಂಗ್ಲಿಷಿನಲ್ಲಿ ರೊಟ್ಟಿಯ ಪ್ರಸಂಗ ಹೇಳಿದೆ. ಆಕೆ ಮನಸಾರೆ ನಕ್ಕು, ತನ್ನನ್ನೂ ಹೀಗೇ ಓಡಿಸಿದ್ದಾರೆ ಎಂದರು. ಈಗ ತಾನು ಜನರ ಬಗ್ಗೆ ಮೊದಲು ಕೇಳುವುದಿಲ್ಲ, ಮೂಲೆಯಲ್ಲಿರುವ ತಾಯಿ ಹೇಗೆ ಇಲ್ಲಿಗೆ ಬಂದಳು ಎಂದು ಕೇಳುತ್ತೇನೆ ಎಂದರು.

ಮುಂದಿನ ವಾರವೇ ವಾಡಿಗೆ ಹೋದೆ. ಅದೇ ಹೆಣ್ಣುಮಗಳು, ಅದೇ ಒಲೆ. "ಅಕ್ಕಾ, ನಿಮ್ಮನಿ ಪೂಜಿ ಜಗಲಿ ಮ್ಯಾಲಿನ ದೇವರು ಯಾವ ಊರಾಕಿ?" ಎಂದೆ. ರೊಟ್ಟಿ ಬಡಿಯುವ ಕೈ ನಿಂತಿತು. "ಒಳಗ ಬರ್ರಿ, ಕುಂದರ್ರಿ" ಎಂದಳು. ಅವಳ ಮಾವನ ತಂದೆ ತಮಿಳು ಸೀಮೆಯಿಂದ ಹಳಿ ಹಾಕುವ ಗ್ಯಾಂಗಿನೊಂದಿಗೆ ಬಂದವನಂತೆ. ತಗಡಿನ ಟ್ರಂಕಿನಲ್ಲಿ ಒಂದು ಅಂಗಿ, ಒಂದು ಪಂಚೆ, ಉಳಿದ ಜಾಗದಲ್ಲೆಲ್ಲ ಅಮ್ಮ. ಹಳಿ ಮುಂದೆ ಹೋದಂತೆ ಟ್ರಂಕೂ ಮುಂದೆ ಹೋಯಿತು, ವಾಡಿಯಲ್ಲಿ ನಿಂತಿತು. ಅವಳು ಹೇಳುತ್ತಲೇ ಹೋದಳು, ನಾನು ಬರೆಯುವುದನ್ನೂ ಮರೆತು ಕೇಳಿದೆ. ಎದ್ದು ಬರುವಾಗ ಎರಡು ಬಿಸಿ ರೊಟ್ಟಿ ಕಟ್ಟಿಕೊಟ್ಟಳು.

ಆಮೇಲೆ ಬಾಗಿಲುಗಳು ತೆರೆಯುತ್ತ ಹೋದವು. ಚಿಂಚೋಳಿ ತಾಲೂಕಿನ ಒಂದು ಲಂಬಾಣಿ ತಾಂಡಾದಲ್ಲಿ ಕಂಡದ್ದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ದಸರಾ ಮುಗಿದ ಮೇಲೆ ಆ ಜನ ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಮಹಾರಾಷ್ಟ್ರದ ಕಡೆ ಹೋಗುತ್ತಾರೆ. ಹೋಗುವಾಗ ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ಮರಿಯಮ್ಮನ ಗುಡಿಯ ಮುಂದಿನ ಬೇವಿನ ಮರಕ್ಕೆ ಕಟ್ಟಿ ಹೋಗುತ್ತಾರೆ. ನಾನು ಹೋದ ದಿನ ಗಾಳಿ ಬೀಸುತ್ತಿತ್ತು. ತಾಂಡಾದಲ್ಲಿ ಮನುಷ್ಯರ ಸದ್ದೇ ಇರಲಿಲ್ಲ, ಮರದ ತುಂಬ ಬೀಗದ ಕೈಗಳು ಕಿಣಿಕಿಣಿ ಎನ್ನುತ್ತಿದ್ದವು. ಒಂದೂ ಕಳುವಾದದ್ದಿಲ್ಲವಂತೆ.

ಇಷ್ಟು ತಿರುಗಾಡಿದ ಮೇಲೆ ನನಗೊಂದು ವಿಷಯ ಗಟ್ಟಿಯಾಯಿತು. ದುಡಿಯಲು ಹೊರಟವರ ದೇವರುಗಳು ನಡೆಯುವ ದೇವರುಗಳು. ಟ್ರಂಕಿನಲ್ಲಿ, ಬುಟ್ಟಿಯಲ್ಲಿ, ಸೀರೆಯ ಸೆರಗಿನ ಗಂಟಿನಲ್ಲಿ ಕೂತು ಜನ ಹೋದಲ್ಲಿಗೆ ಹೋಗುತ್ತವೆ. ಸೇಡಂ ಗಡಿಯಾಚೆಯ ತೆಲುಗಿನವರದೂ ಹಾಗೆ, ತಾಂಡಾದವರದೂ ಹಾಗೆ. ಅಲುಗದೆ ಒಂದೇ ಕಡೆ ನಿಂತದ್ದನ್ನು ನಾನು ಕಂಡದ್ದು ಒಂದನ್ನೇ, ರಾವೂರಿನಲ್ಲಿ.

ಅದನ್ನು ತೋರಿಸಿದವರು ಮೌಲಾಸಾಬ್ ಚಾಚಾ. ಫರಸಿ ಖಣಿಯಲ್ಲಿ ಮೇಸ್ತ್ರಿಯಾಗಿ ದುಡಿದು ಮನೆಯಲ್ಲಿ ಕೂತವರು, ಅವರ ತಂದೆಯೂ ಅದೇ ಖಣಿಯ ಮೇಸ್ತ್ರಿ. ಕಾಲು ಎಳೆಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. "ಮೇಡಂ, ನೀವು ಎಲ್ಲಾರ ದೇವರ ಪತ್ತಾ ಕೇಳಾಕತ್ತೀರಿ. ಒಂದು ದೇವರು ಅದ, ಅದರ ಪತ್ತಾ ಯಾರಿಗೂ ಗೊತ್ತಿಲ್ಲ. ಬರ್ರಿ" ಎಂದು ಕರೆದೊಯ್ದರು.

ಫರಸಿ ಖಣಿ ನೋಡದವರಿಗೆ ಒಂದು ಮಾತು. ಇಲ್ಲಿ ನೆಲದ ಕೆಳಗೆ ಕಲ್ಲು ಪದರು ಪದರಾಗಿ ಮಲಗಿರುತ್ತದೆ, ಒಂದರ ಮೇಲೊಂದು ಹಾಸಿದ ಚಾದರಿನ ಹಾಗೆ. ಹಾರೆ ಹಾಕಿ ಒಂದೊಂದೇ ಪದರು ಎಬ್ಬಿಸುತ್ತಾರೆ, ಅದೇ ನಿಮ್ಮ ಮನೆಯ ನೆಲಕ್ಕೆ ಬರುವ ಶಹಾಬಾದ್ ಫರಸಿ. ನಾವು ಹೋದ ಖಣಿ ಕೆಲಸ ನಿಂತು ಎಷ್ಟೋ ಕಾಲವಾದ ದೊಡ್ಡ ಹೊಂಡ. ಅದರ ನಟ್ಟನಡುವೆ, ತಳದಿಂದ ಮೇಲಿನ ಹೊಲದ ಮಟ್ಟದವರೆಗೆ, ಒಂದು ಕಲ್ಲಿನ ಕಂಬ ಒಂಟಿಯಾಗಿ ನಿಂತಿತ್ತು. ಯಾರೂ ತಂದು ನಿಲ್ಲಿಸಿದ್ದಲ್ಲ. ಸುತ್ತಲಿನ ಕಲ್ಲನ್ನೆಲ್ಲ ತೆಗೆದು ಅದನ್ನೊಂದನ್ನು ಹಾಗೇ ಬಿಟ್ಟಿದ್ದರು. ತುದಿಯಲ್ಲಿ ಒಂದು ಹಿಡಿ ಕರಿಮಣ್ಣು, ಅದರಲ್ಲಿ ಹುಲ್ಲು. ಖಣಿ ಆಗುವ ಮೊದಲು ಅಲ್ಲಿದ್ದ ಹೊಲದಲ್ಲಿ ಉಳಿದದ್ದು ಅಷ್ಟೇ.

ಹತ್ತಿರ ಹೋದಾಗ ಇನ್ನೊಂದು ಕಂಡಿತು. ಕಂಬದ ಒಂದು ಮೈಗೆ ದೀಪ ಇಡುವ ಸಣ್ಣ ಸಣ್ಣ ಗೂಡುಗಳಿದ್ದವು. ಒಂದು ನನ್ನ ಎದೆಯ ಮಟ್ಟಕ್ಕೆ, ಅದರ ಮೇಲೆ ಒಂದು, ಅದರ ಮೇಲೆ ಇನ್ನೊಂದು, ಹೀಗೆ ಕೈಗೆ ನಿಲುಕದ ಎತ್ತರದವರೆಗೆ. ಪ್ರತಿ ಗೂಡಿನ ಮೇಲೂ ಮಸಿಯ ಕಪ್ಪು. ಕೆಳಗಿನದರಲ್ಲಿ ಮಾತ್ರ ಎಣ್ಣೆ ಹಸಿಯಾಗಿತ್ತು.

"ಅಷ್ಟು ಮ್ಯಾಲೆ ಯಾರು ದೀಪ ಹಚ್ಚತಾರ, ಚಾಚಾ?"

"ಯಾರೂ ಏರಿ ಹಚ್ಚಿಲ್ರಿ. ಅವಾಗ ನೆಲಾನೇ ಅಲ್ಲಿತ್ತು."

ಆ ಮಾತು ತಲೆಗೆ ಹೋಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಹೊಂಡ ಆಳವಾದಂತೆ ಜನ ಕೆಳಗಿಳಿದರು, ಜನರ ಜೊತೆ ದೀಪವೂ ಇಳಿಯಿತು. ಆ ಮಸಿಯ ಗುರುತುಗಳು ಒಂದೊಂದು ಕಾಲದ ಜನ ನಿಂತ ನೆಲದ ಗುರುತು. ತಲೆ ಎತ್ತಿ ನೋಡಿದೆ. ಅಜ್ಜಂದಿರು ನನ್ನ ತಲೆಯ ಮೇಲೆ ನಿಂತಿದ್ದರು.

ತೆಲುಗಿನವರು ಅದನ್ನು ಎಲ್ಲಮ್ಮ ಎನ್ನುತ್ತಿದ್ದರು, ತಾಂಡಾದವರು ಮರಿಯಮ್ಮ ಎನ್ನುತ್ತಿದ್ದರು. ಚಾಚಾರ ಮನೆಯಲ್ಲಿ ಅದು ಖಡೇ ಪೀರ, ಅಂದರೆ ನಿಂತ ಪೀರ, ಗುರುವಾರ ಅಲ್ಲಿಗೆ ಊದಿನ ಧೂಪ ಬರುತ್ತಿತ್ತು. ಎಲ್ಲರೂ ಒಪ್ಪುತ್ತಿದ್ದ ವಿಷಯ ಒಂದೇ: ಅದನ್ನು ಕಡಿಯಬಾರದು. ಯಾಕೆ ಎಂದರೆ, ಮೊದಲಿನವರು ಹಾಗೆ ಹೇಳಿದ್ದಾರೆ. ಯಾರು ಆ ಮೊದಲಿನವರು ಎಂದು ಚಾಚಾರನ್ನು ಕೇಳಿದೆ.

"ಮೊದಲ ಟೋಳಿ ಬಂದದ್ದು ನಮ್ಮ ಅಬ್ಬಾನ ಕಾಲಕ್ಕ. ಭಾಳ ವಿಚಿತ್ರ ಮಂದಿ ಅಂತಿದ್ರು ಅಬ್ಬಾ. ಫರಸಿ ತೆಗಿಲಿಕ್ಕ ಬಂದು, ಅಳತಿದಾರ ಯಾವಾಗ ಬರತಾನ ಅಂತ ದಿನಾ ಕೇಳತಿದ್ರಂತ, ಅಬ್ಬಾ ನಗತಿದ್ರು. ಫರಸಿ ಖಣ್ಯಾಗ ಅಳತಿದಾರಂದು ಏನು ಕೆಲಸ ಅದರಿ? ಫರಸಿ ಎಣಿಸಿ ಲಾರಿಗಿ ಹಾಕಿದ್ರ ಮುಗೀತು."

ಇಬ್ಬರೂ ನಕ್ಕೆವು. ಆ ಮಾತು ಆಮೇಲೆ ನನ್ನ ತಲೆಯಿಂದ ಜಾರಿಹೋಯಿತು. ನಾನು ನನ್ನ ಪಾಂಡಿತ್ಯ ಹಿಡಿದುಕೊಂಡು, ಇದು ಹಳೆಯ ನಿಲುವುಗಲ್ಲೋ, ಯಾವುದೋ ಮರೆತ ಶಕ್ತಿದೇವತೆಯೋ ಎಂದು ಪುಸ್ತಕ ತಿರುವಿಹಾಕುತ್ತಿದ್ದೆ.

ಆ ದೀಪ ಹಚ್ಚುತ್ತಿದ್ದವಳು ಸೋನಾಬಾಯಿ. ನನಗಿಂತ ತುಸು ಹಿರಿಯಳು, ಖಣಿಯ ಪಕ್ಕದ ಬಸ್ತಿಯವಳು. ಅವಳ ಅಪ್ಪ ಅವ್ವ ಆ ಮೊದಲ ಟೋಳಿಯವರು. ಚಂದ್ರಂಪಳ್ಳಿ ಕಡೆಯ ತಾಂಡಾದಿಂದ ಬಂದಾಗ ಅವಳು ಅವ್ವನ ಬೆನ್ನಿನ ಮೇಲಿದ್ದಳು. ಅವಳಿಗೆ ಬುದ್ಧಿ ತಿಳಿಯುವ ಮೊದಲೇ ಖಣಿಯ ಗೋಡೆ ಜಾರಿ ಅಪ್ಪ ಸತ್ತ. ಹೊಂಡದ ದಂಡೆಯ ಮೇಲೆ ಮಣ್ಣು ಮಾಡಿದರು. ಮುಂದೆ ಖಣಿ ಬೆಳೆಯಿತು, ಆ ದಂಡೆಯೂ ಹೊಂಡದ ಬಾಯಿಗೆ ಹೋಯಿತು. ಅವ್ವನೂ ಬೇಗನೇ ಹೋದಳು, ಹಳೆಯದನ್ನು ಹೇಳುವವರು ಉಳಿಯಲಿಲ್ಲ.

"ಅಪ್ಪಂದು ಅಂತ ತೋರಸಾಕ ನನಗ ಏನೂ ಇಲ್ರಿ ಅಕ್ಕೋರೆ" ಎಂದಿದ್ದಳು ಒಮ್ಮೆ. "ಫೋಟೋ ಇಲ್ಲ, ಗೋರಿ ಇಲ್ಲ. ಅಗೋ ಆ ಎಲ್ಲಾಕ್ಕಿಂತ ಮ್ಯಾಲಿನ ಕರೀದು, ಅದು ನಮ್ಮವ್ವ ಹಚ್ಚಿದ ದೀಪ. ಅಪ್ಪ ಅವಾಗ ಇದ್ದ. ಅದನ್ನ ನೋಡಿ ಬರತೀನಿ, ಅಷ್ಟ."

ಹೀಗಿರುವಾಗ ಹೊಂಡ ಮುಚ್ಚುವ ಸುದ್ದಿ ಬಂತು. ಜಾಗ ಹೊಸಬರ ಕೈಗೆ ಹೋಗಿತ್ತು. ಹೊಂಡಕ್ಕೆಲ್ಲ ಕಲ್ಲಿನ ಕಸ ತುಂಬಿ, ಮಟ್ಟಸ ಮಾಡಿ, ಮಾಲು ಇಡುವ ಅಂಗಳ ಮಾಡುವುದಿತ್ತು. ಅವರ ಮ್ಯಾನೇಜರ್ ಕೆಟ್ಟ ಮನುಷ್ಯನೇನಲ್ಲ. ಬಸ್ತಿಗೆ ಬಂದು, ನಿಮ್ಮ ದೇವರಿಗೆ ರಸ್ತೆ ಬದಿಯಲ್ಲಿ ಟೈಲ್ಸ್ ಹಾಕಿ ಭರ್ಜರಿ ಗುಡಿ ಕಟ್ಟಿಸುತ್ತೇವೆ, ಕಂಬದಿಂದ ಒಂದು ತುಂಡು ತಂದು ಅಲ್ಲಿ ಕೂಡಿಸೋಣ ಎಂದ. ಬಸ್ತಿಯವರಿಗೆ ಖುಷಿಯೇ ಆಯಿತು. ಇವರ ದೇವರುಗಳೆಲ್ಲ ನಡೆದು ಬಂದವಲ್ಲವೇ, ರಸ್ತೆವರೆಗೆ ನಡೆಯುವುದು ಯಾವ ದೊಡ್ಡ ಮಾತು? ಸೋನಾಬಾಯಿ ಒಬ್ಬಳೇ ಬೇಡ ಎಂದಳು. ಯಾಕೆ ಎಂದರೆ ಹೇಳಲು ಬಾರದೆ ಸೆರಗಿನ ತುದಿ ಕಚ್ಚಿ ಕೂತಳು.

ಹೊಂಡ ಮುಚ್ಚಲು ಅನುಮತಿ ಕೊಡಬೇಕಿದ್ದ ತಾಲೂಕಿನ ಅಧಿಕಾರಿ, ಆ ದೇವರು ಎಷ್ಟು ಹಳೆಯದು, ಏನು ಕಥೆ, ಬರೆದು ಕೊಡಿ ಎಂದು ನನ್ನನ್ನು ಕೇಳಿದರು. ಮ್ಯಾನೇಜರ್ ಚಹಾ ತರಿಸಿದ. "ಮೇಡಂ, ಪುರಾತನ ದೇವರು ಅಂತ ಜೋರಾಗಿ ಬರೀರಿ. ಗುಡಿ ಮುಂದ ನಿಮ್ಮ ಬರಹಾನೇ ಕಲ್ಲಾಗ ಕೆತ್ತಸ್ತೀವಿ." ಅವನ ಉತ್ಸಾಹ ನೋಡಿಯೇ ನನಗೆ ಸಂಶಯ ಬಂತು. ಪುರಾತನ ದೇವರಾದಷ್ಟೂ ಗುಡಿ ದೊಡ್ಡದು, ಗುಡಿ ದೊಡ್ಡದಾದಷ್ಟೂ ಹೊಂಡ ಮುಚ್ಚುವುದು ಸಲೀಸು.

ಆ ತಿಂಗಳಲ್ಲಿ ನಾನು ವಿದ್ಯಾರ್ಥಿಗಳನ್ನು ಚಂದ್ರಂಪಳ್ಳಿ ಕೆರೆಗೆ ಕರೆದೊಯ್ದಿದ್ದೆ. ಅವರು ನೀರು ನೋಡಲು ಓಡಿದರು, ನಾನು ಒಡ್ಡಿನ ಹಿಂದೆ ನೆರಳು ಹುಡುಕುತ್ತ ನಡೆದೆ. ಅಲ್ಲಿ ಒಡ್ಡು ಕಟ್ಟಲು ಮಣ್ಣು ಅಗೆದ ಹಳೆಯ ತಗ್ಗುಗಳಿದ್ದವು, ಒಳಗೆ ಕುರುಚಲು ಗಿಡ. ಒಂದು ತಗ್ಗಿನ ನಡುವೆ ಮುರುಮು ಎನ್ನುವ ಗಟ್ಟಿ ಗರಸು ಮಣ್ಣಿನ ಒಂದು ಮೋಟು ಕಂಬ ನಿಂತಿತ್ತು, ತಲೆಯ ಮೇಲೆ ಹುಲ್ಲು. ಆಚೆಯ ತಗ್ಗಿನಲ್ಲಿ ಅಂಥದ್ದೇ ಇನ್ನೊಂದು. ರಾವೂರಿನ ದೇವರ ತಮ್ಮಂದಿರು ಇಲ್ಲಿ ನಿಂತಿದ್ದರು.

ಕೆರೆಯ ಕಾವಲುಗಾರನನ್ನು ಕರೆದು ಕೇಳಿದೆ. ಅವನಿಗೆ ನನ್ನ ಗಾಬರಿ ನೋಡಿ ನಗು ಬಂತು.

"ಇವಕ್ಕ ಸಾಕ್ಷಿ ಅಂತಾರ್ರಿ. ಮಣ್ಣು ಎಷ್ಟು ಆಳ ಕಡದಾರ ಅಂತ ತಿಳೀಬೇಕಲ್ಲ? ಅದಕ್ಕ ನಡುವ ಒಂದಿಷ್ಟು ನೆಲ ಹಂಗೇ ಬಿಡತಾರ. ಅಳತಿದಾರ ಬಂದು ಅದರ ತಲಿಯಿಂದ ಬುಡದ ತನಕ ಅಳೀತಾನ, ಅದರ ಮ್ಯಾಲೆ ಕೂಲಿ. ಅಳತಿ ಆಗೋತನ ಯಾರೂ ಅದನ್ನ ಮುಟ್ಟಂಗಿಲ್ಲ. ಆದ ಮ್ಯಾಲೆ ಕಡದು ಹಾಕೂದು."

"ಇವನ್ನ ಕಡದಿಲ್ಲಲ್ಲ?"

"ಕೆಲಸ ಮುಗದಿತ್ತು, ಮಂದಿ ಹೋದ್ರು. ಮತ್ಯಾರು ಕಡೀತಾರ್ರಿ?"

ಆ ಮಂದಿ ಎಲ್ಲಿಗೆ ಹೋದರು ಎನ್ನುವುದು ನನಗೆ ಗೊತ್ತಿತ್ತು, ಸೋನಾಬಾಯಿಯ ಅಪ್ಪ ಅವ್ವ ಬಂದದ್ದು ಈ ಕಡೆಯಿಂದಲೇ. ಕೆರೆಯ ಮಣ್ಣಿನ ಕೆಲಸ ಮುಗಿಸಿ ಅವರು ರಾವೂರಿಗೆ ಬಂದರು. ಕಲ್ಲಿನ ಕೆಲಸ ಅವರಿಗೆ ಹೊಸದು, ಅವರಿಗೆ ಗೊತ್ತಿದ್ದದ್ದು ಕೆರೆಯ ಪದ್ಧತಿ. ಖಣಿ ತೆರೆದ ದಿನವೇ ನಡುವೆ ಒಂದಿಷ್ಟು ನೆಲ ಸಾಕ್ಷಿಗೆಂದು ಬಿಟ್ಟರು. ಫರಸಿ ಖಣಿಯಲ್ಲಿ ಆಳ ಅಳೆಯುವ ಪದ್ಧತಿಯೇ ಇಲ್ಲ ಎಂದು ಅವರಿಗೆ ಯಾರೂ ಹೇಳಲಿಲ್ಲ, ಹೇಳಿದವರು ನಕ್ಕು ಹೇಳಿದರು. ಅಳತೆದಾರ ಯಾವಾಗ ಬರುತ್ತಾನೆ ಎಂದು ದಿನವೂ ಕೇಳುತ್ತಿದ್ದ ಆ ವಿಚಿತ್ರ ಮಂದಿ! ಎಂದೂ ಬಾರದ ಅಳತೆದಾರನಿಗಾಗಿ ಕಾಯುತ್ತ ಅವರು ಅಗೆದರು. ಅಳತೆಯಾಗದೆ ಸಾಕ್ಷಿ ಕಡಿಯುವುದು ಮೋಸ, ಆದ್ದರಿಂದ ಕಡಿಯಲಿಲ್ಲ. ಆಮೇಲೆ ಬಂದವರಿಗೆ ಕಾರಣ ಮರೆತು ಕಟ್ಟಳೆ ಮಾತ್ರ ಉಳಿಯಿತು. ಮೊದಲಿನವರು ಸಾಕ್ಷಿಗೆಂದು ಇಟ್ಟ ದೀಪ ಕಾರಣವಿಲ್ಲದ ಕಟ್ಟಳೆಯ ಮುಂದೆ ದೇವರ ದೀಪವಾಯಿತು, ಇನ್ನೊಬ್ಬರು ಊದು ಹಾಕಿದರು. ಒಂದು ತಪ್ಪು ತಿಳುವಳಿಕೆ ಇಷ್ಟು ಎತ್ತರ ಬೆಳೆದು, ಮೂರು ಭಾಷೆಯ ಜನರಿಂದ ಕೈಮುಗಿಸಿಕೊಂಡಿತ್ತು. ನಾನು ಆ ಮುರುಮಿನ ಮೋಟಿನ ಪಕ್ಕದಲ್ಲಿ ಕೂತುಬಿಟ್ಟೆ. ವಿದ್ಯಾರ್ಥಿಗಳು ಬಂದು, ಮೇಡಂಗೆ ಬಿಸಿಲು ಬಡಿದಿದೆ ಎಂದು ನೀರು ಕುಡಿಸಿದರು.

ಆದರೆ ಬರೆದು ಕೊಡುವುದು ಬಾಕಿ ಇತ್ತಲ್ಲ. ದೇವರು ಎಂದು ಬರೆದರೆ ಗುಡಿ ಬರುತ್ತದೆ, ಕಲ್ಲು ಹೋಗುತ್ತದೆ. ಬರೀ ಸಾಕ್ಷಿಯ ಕಲ್ಲು ಎಂದು ಬರೆದರೆ, ಬರೀ ಕಲ್ಲಲ್ಲವೇ ಎಂದು ನಾಳೆಯೇ ಮುಚ್ಚಿಹಾಕಬಹುದು, ಸೋನಾಬಾಯಿಯ ದೇವರೂ ಹೋಗುತ್ತದೆ. ಇತಿಹಾಸಗಾರರು ನಿಜ ಬರೆಯಬೇಕು ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆನೋ. ನಿಜ ಬರೆದರೆ ಎದುರಿಗೆ ಕೂತವರ ಕೈಯಲ್ಲಿದ್ದದ್ದು ಕಳೆದುಹೋಗುತ್ತದೆ ಎನ್ನುವಾಗ ಏನು ಮಾಡಬೇಕೆಂದು ನನಗೂ ಯಾರೂ ಕಲಿಸಿರಲಿಲ್ಲ. ನಿಮಗೂ ಅಂಥ ದಿನ ಬರುತ್ತದೆ. ನಾನು ಮಾಡಿದ್ದನ್ನು ಹೇಳುತ್ತೇನೆ. ಅಧಿಕಾರಿಗೆ ಕೊಡುವ ಮೊದಲು ಅವಳಿಗೆ ಹೇಳಲು ಹೋದೆ.

ಸೋನಾಬಾಯಿ ಬಾಗಿಲಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಚಂದ್ರಂಪಳ್ಳಿಯಲ್ಲಿ ಕಂಡದ್ದನ್ನು, ಕಾವಲುಗಾರ ಹೇಳಿದ್ದನ್ನು, ಚಾಚಾರ ತಂದೆ ನಕ್ಕದ್ದನ್ನು ಒಂದೊಂದಾಗಿ ಹೇಳಿದೆ. ಹೇಳುವಾಗ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

"ಅಂದ್ರ ಅದು ಮರಿಯಮ್ಮ ಅಲ್ಲ?"

"ಅಲ್ಲ ಅನ್ನಸ್ತದ, ಸೋನಾಬಾಯಿ."

"ಅದನ್ನ ಬಿಟ್ಟವರು ಯಾರು?"

"ಮೊದಲ ಟೋಳಿ. ನಿಮ್ಮಪ್ಪ, ನಿಮ್ಮವ್ವ, ಅವರ ಸಂಗಡ ಬಂದವರು."

ಅವಳು ಮೊರ ಕೆಳಗಿಟ್ಟಳು. ಹೊಂಡದ ದಿಕ್ಕಿಗೆ ನೋಡಿದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನಾನು ಹಾಳುಮಾಡಿದೆ ಎಂದುಕೊಂಡೆ.

"ಇಷ್ಟು ದಿನ ದೇವರು ಅಂತ ಕೈ ಮುಗದೆ" ಎಂದಳು ಕೊನೆಗೆ. "ಅಪ್ಪನ ಕೈಯಾಗಿಂದು ಅಂತ ಗೊತ್ತಿದ್ರ ಇನ್ನೂ ಚಲೋತ್ನಾಗಿ ಮುಗೀತಿದ್ದೆ."

ಅವಳು ಎದ್ದು ಒಳಗೆ ಹೋಗಿ ನನಗೆ ಚಹಾ ಮಾಡಿದಳು. ಕುಡಿಯುವಾಗ, ಖರೆ ಏನದ ಅದನ್ನೇ ಬರೀರಿ ಎಂದಳು. ನಾನು ಬರೆದೆ.

ಅಧಿಕಾರಿ ನನ್ನ ಬರಹ ಓದಿ, ಕಣ್ಣಿಂದಲೇ ನೋಡುತ್ತೇನೆ ಎಂದು ಒಂದು ಬೆಳಿಗ್ಗೆ ಖಣಿಗೆ ಬಂದರು. ಮೈಸೂರು ಕಡೆಯವರು, ಮಾತು ಕಡಿಮೆ. ಸಂಗಡ ಸರ್ವೇಯರ್, ಮ್ಯಾನೇಜರ್, ಚಾಚಾ, ಬಸ್ತಿಯ ಅರ್ಧ ಜನ. ಎಲ್ಲರೂ ಹೊಂಡದ ತಳಕ್ಕಿಳಿದೆವು. ಅಧಿಕಾರಿ ಕಂಬದ ಮುಂದೆ ನಿಂತು ತಲೆ ಎತ್ತಿದರು. ಮಸಿಯ ಗುರುತುಗಳ ಮೇಲೆ ಅವರ ಕಣ್ಣು ಒಂದೊಂದಾಗಿ ಏರುವುದನ್ನು ನಾನು ನೋಡುತ್ತಿದ್ದೆ. ಮೊದಲ ದಿನ ನನಗಾದದ್ದೇ ಅವರಿಗೂ ಆಗುತ್ತಿತ್ತು.

"ಸರ್, ದೇವರಲ್ಲ ಅಂತ ಮೇಡಮ್ಮೇ ಬರದಾರ" ಎಂದ ಮ್ಯಾನೇಜರ್. "ಆದ್ರೂ ನಾವು ಕೊಟ್ಟ ಮಾತು ತಪ್ಪಂಗಿಲ್ಲ. ಗುಡಿ ಕಟ್ಟಸ್ತೀವಿ, ಇದರ ತುಂಡು ಒಯ್ದು ಕೂಡಸ್ತೀವಿ."

ಆಗ ಸೋನಾಬಾಯಿ ಮುಂದೆ ಬಂದಳು. "ದೇವರನ್ನ ಒಯ್ರಿ ಸಾಹೇಬ್ರ, ನಾವೇ ಬುಟ್ಟ್ಯಾಗ ಹೊತ್ತು ತರತೀವಿ. ನಮ್ಮ ದೇವರಿಗಿ ನಡ್ಯಾದು ಹೊಸಾದೇನಲ್ಲ. ಆದ್ರ ಇದು ಸಾಕ್ಷಿ. ಇದನ್ನ ಕಿತ್ತು ರೋಡಿಗಿ ಒಯ್ದು ನಿಲ್ಲಿಸಿದ್ರ ಅದು ಏನು ಸಾಕ್ಷಿ ಹೇಳ್ತದ? ನಮ್ಮಪ್ಪ ಇಲ್ಲಿ ಕಡದಾನ, ರೋಡಿನಾಗಲ್ಲ."

ಅವಳಿಗೆ ಅಂದು ಹೇಳಲು ಬಾರದೆ ಸೆರಗು ಕಚ್ಚಿದ ಕಾರಣ ಇದೇ ಆಗಿತ್ತು. ನಾನು ಅವಳಿಂದ ಒಂದು ದೇವರನ್ನು ಕಸಿಯುತ್ತಿದ್ದೇನೆ ಎಂದು ಹೆದರಿದ್ದೆ.

ಸರ್ವೇಯರ್ ತನ್ನ ಕೆಲಸ ತಾನು ಮಾಡುವವನು. ಚೀಲದಿಂದ ಟೇಪು ತೆಗೆದು ತುದಿ ಎಳೆದ. "ಸರ್, ಎತ್ತರ ಅಳೆದು ವರದಿಯಲ್ಲಿ ಹಾಕಲಾ?"

"ಅಳೀಬ್ಯಾಡ್ರಿ!"

ಸೋನಾಬಾಯಿಯ ಆ ದನಿಗೆ ಹೊಂಡದ ಗೋಡೆಗಳು ಮರುದನಿ ಕೊಟ್ಟವು. ಅವಳು ಎರಡೂ ಕೈ ಚಾಚಿ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. ನನಗೂ ಆಗಲೇ ಹೊಳೆದದ್ದು. ಕಟ್ಟಳೆ ಇದ್ದದ್ದೇ ಹಾಗಲ್ಲವೇ? ಅಳತೆ ಆಗುವವರೆಗೆ ಕಡಿಯುವಂತಿಲ್ಲ. ಅಳತೆಯಾದರೆ ಕಡಿಯಬಹುದು.

ಅಧಿಕಾರಿ ನನ್ನತ್ತ ತಿರುಗಿದರು. "ಮೇಡಂ, ನೀವು ಬರೆದ ಪ್ರಕಾರ ಇದನ್ನು ಇಲ್ಲಿಯವರೆಗೆ ಯಾರೂ ಅಳೆದಿಲ್ಲ, ಅಲ್ಲವೇ?"

"ಯಾರೂ ಅಳದಿಲ್ರಿ."

"ಅಳತೆಯಾಗದ ಕೆಲಸ ಮುಗಿದ ಕೆಲಸ ಅಲ್ಲ. ಮುಗಿಯದ ಖಣಿಯನ್ನು ಮುಚ್ಚಿ ಅಂತ ನಾನು ಹೇಗೆ ಬರೆಯಲಿ?" ಎಂದರು ಮ್ಯಾನೇಜರನಿಗೆ. ಮುಖದಲ್ಲಿ ನಗು ಇತ್ತೋ ಇಲ್ಲವೋ, ನನಗೆ ತಿಳಿಯಲಿಲ್ಲ. ಸರ್ವೇಯರನಿಗೆ ಟೇಪು ಸುತ್ತಿಡಲು ಹೇಳಿದರು. ಚಾಚಾ ಮೆಲ್ಲಗೆ, "ನಮ್ಮ ಅಬ್ಬಾ ನಕ್ಕಿದ್ದು ತಪ್ಪಾತು ನೋಡ್ರಿ" ಎಂದರು.

ಹೊಂಡದ ಆಚೆಯ ಅರ್ಧ ಮುಚ್ಚಿ ಅಂಗಳವಾಯಿತು, ಕಂಬವಿರುವ ಈಚೆಯ ಅರ್ಧ ತೆರೆದೇ ಇದೆ. ಮ್ಯಾನೇಜರ್ ಮಾತಿನ ಮನುಷ್ಯ, ರಸ್ತೆ ಬದಿಯಲ್ಲಿ ಟೈಲ್ಸಿನ ಗುಡಿಯನ್ನೂ ಕಟ್ಟಿಸಿದ. ಬಸ್ತಿಯವರು ಹೊಂಡದ ತಳದ ಒಂದು ಬಿಡಿ ಕಲ್ಲನ್ನು ದೇವರೆಂದು ಬುಟ್ಟಿಯಲ್ಲಿ ಕೂಡಿಸಿಕೊಂಡು, ಹಲಗೆ ಬಾರಿಸುತ್ತ ಹೋಗಿ ಅಲ್ಲಿ ಇಳಿಸಿದರು. ಸೋನಾಬಾಯಿ ಆ ಗುಡಿಗೂ ಹೋಗುತ್ತಾಳೆ, ಕಾಯಿ ಒಡೆಸುತ್ತಾಳೆ. ಆಮೇಲೆ ಒಬ್ಬಳೇ ಹೊಂಡಕ್ಕಿಳಿದು ಕೆಳಗಿನ ಗೂಡಿನಲ್ಲಿ ದೀಪ ಹಚ್ಚಿ ಮೇಲೆ ನೋಡಿ ಬರುತ್ತಾಳೆ.

ಒಂದು ಸಲ ನನ್ನ ಮಾರ್ಗದರ್ಶಕರನ್ನು ಅಲ್ಲಿಗೆ ಕರೆದೊಯ್ದೆ. ಆಗ ಅವರಿಗೆ ಕಣ್ಣು ಮಂಜಾಗಿತ್ತು. ನಿಲುಕುವ ಗೂಡಿನ ಮಸಿಯ ಮೇಲೆ, ಶಾಸನದ ಅಕ್ಷರ ಸವರುತ್ತಿದ್ದ ಹಾಗೆಯೇ ಬೆರಳು ಆಡಿಸಿದರು.

ಈಗ ನನ್ನ ಪುಸ್ತಕ ಓದಿದ ಹುಡುಗ ಹುಡುಗಿಯರು ಫೋನು ಮಾಡುತ್ತಾರೆ. ಮೇಡಂ, ಕಂಬದ ಬಗ್ಗೆ ಇಷ್ಟೆಲ್ಲ ಬರೆದಿದ್ದೀರಿ, ಎತ್ತರ ಎಷ್ಟು ಎಂದೇ ಬರೆದಿಲ್ಲವಲ್ಲ, ಬಿಟ್ಟುಹೋಯಿತಾ ಎನ್ನುತ್ತಾರೆ. ಅದು ಬಿಟ್ಟುಹೋದದ್ದಲ್ಲ. ನೀವು ರಾವೂರಿಗೆ ಹೋಗಿ, ಸೋನಾಬಾಯಿಯನ್ನು ಕೇಳಿದರೆ ಹೊಂಡಕ್ಕಿಳಿಯುವ ದಾರಿ ತೋರಿಸುತ್ತಾಳೆ. ಕಂಬದ ಬುಡದಲ್ಲಿ ನಿಂತು ಎಷ್ಟು ಹೊತ್ತು ಬೇಕಾದರೂ ತಲೆ ಎತ್ತಿ ನೋಡಿ. ಟೇಪು ಮಾತ್ರ ಒಯ್ಯಬೇಡಿ.